ಬೆನ್ನು ತೋರಿಸಿದ ಅಕ್ಷರಗಳು

ಬಿಗ್ನಾಯ್ ಊರಿನಲ್ಲಿ ಹೆಣ್ಣು ಕೇಳುವ ಗಂಡು ಮೊದಲು ಆ ಹೆಣ್ಣಿನ ಮನೆಯಲ್ಲಿ ದುಡಿಯಬೇಕು. ಸರೋವರದಿಂದ ನೀರು ಹೊರಬೇಕು, ಸೌದೆ ಒಡೆಯಬೇಕು, ಸೂರು ಸೋರಿದರೆ ಗರಿ ಹೊದಿಸಬೇಕು. ತಿಂಗಳುಗಟ್ಟಲೆ ಹೀಗೆ ಮೈ ಬಗ್ಗಿಸಿದ ಮೇಲೆ ಒಂದು ದಿನ ಹೆಣ್ಣಿನ ತಂದೆ ಗಂಟಲು ಸರಿಮಾಡಿಕೊಂಡು, ನಿಮ್ಮ ಹಿರಿಯರನ್ನು ಕಳಿಸು ಎನ್ನುತ್ತಾನೆ. ಆ ಒಂದು ಮಾತಿಗಾಗಿ ಊರಿನ ಗಂಡಸರೆಲ್ಲ ಯಾವುದೋ ಒಂದು ವಯಸ್ಸಿನಲ್ಲಿ ಯಾರದೋ ಮನೆಯ ಕೊಡ ಹೊತ್ತವರೇ.

ಯುದ್ಧ ಮುಗಿದ ಮೂರನೆಯ ವರ್ಷ, ಈಸ್ಟರ್ ಕಳೆದ ಸೋಮವಾರ, ಆಂಬೊ ಎರಡು ಕೊಡ ನೀರು ಹೊತ್ತು ಮಾಂಗ್ ತೆಬಾನರ ಅಡಿಗೆಮನೆಗೆ ಬಂದ. ಅವನು ಸಂತರ ವಿಗ್ರಹ ಕೆತ್ತುವವನು. ತಂದೆತಾಯಿ ಇಲ್ಲದ ಅವನನ್ನು ಚಿಕ್ಕಪ್ಪ ತಿಯೊ ಗೋರ್ಯೊ ತನ್ನ ಕೆತ್ತನೆಮನೆಯಲ್ಲೇ ಬೆಳೆಸಿ ಉಳಿ ಹಿಡಿಸಿದ್ದ. ಮಾಂಗ್ ತೆಬಾನರದು ಊರಿನ ಒಂದೇ ಅಚ್ಚುಕೂಟ. ಕೆಳಗೆ ಕಲ್ಲಿನ ಕೋಣೆಯಲ್ಲಿ ಯಂತ್ರ, ಮೇಲೆ ಮರದ ಮನೆ. ಮಗಳು ಲಿಯೋನಿಲಾ ದಿನವೂ ಕೆಳಗೆ ಕುಳಿತು ಸೀಸದ ಅಚ್ಚಿನ ಮೊಳೆ ಜೋಡಿಸುವವಳು. ಕಳೆದ ಕ್ರಿಸ್‌ಮಸ್‌ನ ಪ್ರಾರ್ಥನೆ ಹಾಳೆ ಮುದ್ರಿಸಿಕೊಳ್ಳಲು ಬಂದ ದಿನ ಆಂಬೊ ಅವಳ ಶಾಯಿ ಹತ್ತಿದ ಬೆರಳುಗಳನ್ನು ನೋಡಿದ್ದ. ಆಮೇಲೆ ಅವನು ಕೆತ್ತಿದ ಮೂವರು ದೇವದೂತರ ಕೈಬೆರಳು ಒಂದೇ ತರಹ ಬಂದಿದ್ದವು, ಅದನ್ನು ಚಿಕ್ಕಪ್ಪ ಗಮನಿಸಿದ್ದ.

ಮಾಂಗ್ ತೆಬಾನ್ ಕೊಡಗಳನ್ನು ನೋಡಿದರು, ಆಂಬೊನ ಕೈ ನೋಡಿದರು. ಅವರ ತಾಯಿ ಲೋಲಾ ಸೆಪಾ ಕಿಟಕಿಯ ಬಳಿ ಎಲೆಅಡಿಕೆ ಕುಟ್ಟುತ್ತಿದ್ದಳು.

"ನೀರು ಹೊರೋಕೆ ಆ ಕೈ ಬೇಡ," ಎಂದರು ಮಾಂಗ್ ತೆಬಾನ್. "ನಂಗೆ ಅಕ್ಷರ ಕೆತ್ತಿಕೊಡು. ಮರದ ಅಕ್ಷರ, ಗೇಣುದ್ದದ್ದು."

ಅದರ ಹಿಂದೆ ಒಂದು ದುಃಖದ ಕತೆ ಇತ್ತು. ಯುದ್ಧದ ಕೊನೆಯ ವರ್ಷ ಅಚ್ಚುಕೂಟದಲ್ಲಿ ಬೀಡುಬಿಟ್ಟ ಸೈನಿಕರು ಅನ್ನ ಬೇಯಿಸಲು ಮರದ ದೊಡ್ಡ ಮೊಳೆಗಳನ್ನೆಲ್ಲ ಒಲೆಗೆ ಹಾಕಿದ್ದರು. ಊರಿನ ಹಬ್ಬಗಳನ್ನು, ಮದುವೆಗಳನ್ನು, ವಾದ್ಯಗೋಷ್ಠಿಗಳನ್ನು ಸಾರಿದ್ದ ಅಕ್ಷರಗಳು ಒಂದು ಹಂಡೆ ಅನ್ನಕ್ಕೆ ಬೂದಿಯಾದವು. ನೆಲದಲ್ಲಿ ಹೂತಿಟ್ಟಿದ್ದ ಸಣ್ಣ ಸೀಸದ ಮೊಳೆಗಳು ಮಾತ್ರ ಉಳಿದವು. ಅಂದಿನಿಂದ ಊರನ್ನು ಕಾಯುವ ಸಂತ ಸಾನ್ ರೋಕೆಯ ಹಬ್ಬದ ಪೋಸ್ಟರ್ ಕೂಡ ಕೋರ್ಟಿನ ನೋಟೀಸಿನಂತೆ ಕಾಣುತ್ತಿತ್ತು. ಹೋದ ವರ್ಷ ಸರೋವರದ ಆಚೆ ದಡದ ಒಬ್ಬ ರೈತ ಅದನ್ನು ನೋಡಿ, ಯಾರ ಜಮೀನು ಹರಾಜಿಗೆ ಬಂತು ಎಂದು ಕೇಳಿದ್ದನಂತೆ. ಆ ಮಾತು ಮಾಂಗ್ ತೆಬಾನರ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ತಮಗೆ ಬೇಕಾದ ಅಕ್ಷರ ಹೇಗಿರಬೇಕೆಂದು ಅವರು ಬಿಡಿಸಿ ಹೇಳಿದರು. ದಪ್ಪಗಿರಬೇಕು, ಮುಂಗೋಪಿಯಂತಿರಬಾರದು. ಚರ್ಚಿನ ಮುಂದಿನ ಬಯಲಿನ ಈ ತುದಿಯಲ್ಲಿ ಅಂಟಿಸಿದರೆ ಆ ತುದಿಯಲ್ಲಿ ನಿಂತವನನ್ನು ಹೆಸರು ಹಿಡಿದು ಕರೆದಂತಿರಬೇಕು. ಕಾಲಿಗೆ ಪಾದ ಇರಬೇಕು, ಪಾದಕ್ಕೆ ಸುರುಳಿ ಇರಬೇಕು. ಓದು ಬಾರದವನೂ ನೋಡಿ, ಓ, ಊರಲ್ಲಿ ಏನೋ ಸಂಭ್ರಮ ಎನ್ನಬೇಕು. ಕೊನೆಗೆ ಮಾದರಿಗೆಂದು ಹಳೆಯ ಪೋಸ್ಟರಿನ ಒಂದು ಹರಕು ಮೂಲೆ ಕೊಟ್ಟರು. ಅದರಲ್ಲಿದ್ದದ್ದು ಎರಡೂವರೆ ಅಕ್ಷರ. ಮಿಕ್ಕದ್ದು ನಿನ್ನ ತಲೆಯಿಂದ ಬರಲಿ ಎಂದರು.

ಸಾನ್ ರೋಕೆಯ ಹಬ್ಬದೊಳಗೆ ಆ ಅಕ್ಷರಗಳಲ್ಲಿ ಪೋಸ್ಟರ್ ಬಿದ್ದರೆ ಆಂಬೊನ ದುಡಿಮೆ ಮುಗಿದಂತೆ. ಬೀಳದಿದ್ದರೆ ಅವನು ಈ ಮೆಟ್ಟಿಲು ಇಳಿದು ಬೇರೆ ಯಾರದಾದರೂ ಮೆಟ್ಟಿಲು ಹುಡುಕಿಕೊಳ್ಳಬೇಕು. ಇದು ಕರಾರು. ಒಳಕೋಣೆಯ ಪರದೆಯ ಹಿಂದೆ ಯಾರೋ ಉಸಿರು ಹಿಡಿದದ್ದು ಆಂಬೊಗೆ ಕೇಳಿಸಿತು.

ಅವನು ಆ ಎರಡೂವರೆ ಅಕ್ಷರಗಳನ್ನು ಎದುರಿಗಿಟ್ಟುಕೊಂಡು ಒಂದು ವಾರ ಸುಮ್ಮನೆ ಕುಳಿತ. ಹೆಚ್ಚು ಓದಿದವನಲ್ಲ. ಅಕ್ಷರ ಕಲಿತದ್ದೇ ಸಂತರ ಪೀಠದ ಮೇಲಿನ ಹೆಸರುಗಳಿಂದ. ಆದ್ದರಿಂದ ಅಕ್ಷರ ಕೆತ್ತುವಾಗ ಅವನ ಕೈಗೆ ಒದಗಿದ್ದೂ ಸಂತರೇ. ರೋಮನ್ ಲಿಪಿಯ ದುಂಡನೆಯ ಓ ಅಕ್ಷರಕ್ಕೆ ಕಹಳೆ ಊದುವ ದೇವದೂತನ ಉಬ್ಬಿದ ಕೆನ್ನೆ ಬಂತು. ಕಾಲುಗಳ ಕೆಳಗಿನ ಪಾದಕ್ಕೆ ಮೇರಿ ತಾಯಿ ನಿಲ್ಲುವ ಮೋಡದ ಸುರುಳಿ ಬಂತು. ಆರ್ ಅಕ್ಷರ ಒಂದು ಕಾಲು ಮುಂದೆ ಚಾಚಿ ಕುಣಿಯಲು ಹೊರಟವನಂತೆ ನಿಂತಿತು. ಎಸ್ ಊಟ ಮುಗಿಸಿ ಬಿಸಿಲಿಗೆ ಮೈಚಾಚಿದ ಹಾವಿನಂತೆ ಮಲಗಿತು. ರೋಕೆ ಎಂಬ ಹೆಸರಿನ ನಡುವೆ ಬರುವ ಕ್ಯೂ ಅಕ್ಷರಕ್ಕೆ ಬಾಲ ಬೇಕಲ್ಲ, ಅದಕ್ಕೆ ಸಾನ್ ರೋಕೆಯ ಕಾಲಬಳಿ ಕೂರುವ ನಾಯಿಯ ಬಾಲವನ್ನೇ ಇಟ್ಟ. ರೋಗಿಯಾಗಿ ಕಾಡಿನಲ್ಲಿ ಬಿದ್ದ ಸಂತನಿಗೆ ದಿನಾ ರೊಟ್ಟಿ ತಂದುಕೊಟ್ಟ ನಾಯಿ ಅದು. ಬಾಲದ ತುದಿ ಎತ್ತಿ ಸುತ್ತಿಕೊಂಡಿತ್ತು, ಈಗ ತಾನೆ ಆಡಿಸಿದಂತೆ.

ಮರವೂ ಸಂತರ ಮರವೇ, ಬಾತಿಕುಲಿಂಗ್. ವಿಗ್ರಹ ಕೆತ್ತಿ ಉಳಿದ ತುಂಡುಗಳು. ಒಂದೊಂದು ಅಕ್ಷರಕ್ಕೆ ಎರಡೆರಡು ದಿನ ಹಿಡಿಯಿತು. ಮೊದಲ ಏಟಿಗೆ ಮುಂಚೆ ಅವನು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ವಿಗ್ರಹಕ್ಕೆ ಮಾಡುವುದನ್ನು ಅಕ್ಷರಕ್ಕೆ ಮಾಡಬಾರದೆಂದು ಎಲ್ಲೂ ಹೇಳಿಲ್ಲವಲ್ಲ.

ಪ್ರತಿ ಶನಿವಾರ ಸಂಜೆ ವಾರದ ಅಕ್ಷರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಮಾಂಗ್ ತೆಬಾನ್ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯುವರು, ಹೆಬ್ಬೆರಳಿನಿಂದ ಅಂಚು ಸವರುವರು, ಎತ್ತರ ಸರಿಯಿದೆಯೇ ಎಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಕಣ್ಣು ಕಿರಿದು ಮಾಡುವರು. ಆರ್ ಅಕ್ಷರ ಬಂದ ಶನಿವಾರ ಅದನ್ನು ಬಹಳ ಹೊತ್ತು ಕೈಯಲ್ಲಿಟ್ಟುಕೊಂಡು, ಇವನು ನಗ್ತಾ ಇದಾನೆ ನೋಡಮ್ಮ ಎಂದು ತಾಯಿಗೆ ತೋರಿಸಿದರು. ಲೋಲಾ ಸೆಪಾ ಎಲೆಅಡಿಕೆ ಬದಿಗೆ ಸರಿಸಿ, ನಿಮ್ಮಪ್ಪ ಮದುವೆ ದಿನ ಹೀಗೇ ಕಾಲು ಚಾಚಿ ಬಿದ್ದಿದ್ದ ಎಂದಳು.

ಲಿಯೋನಿಲಾ ಮಾತ್ರ ಆ ಅಕ್ಷರಗಳನ್ನು ನೋಡಲಿಲ್ಲ. ಹೆಣ್ಣು ಕೇಳಲು ಬಂದವನು ಮನೆಯಲ್ಲಿದ್ದಾಗ ಹುಡುಗಿ ಹೊರಗೆ ಬರುವಂತಿಲ್ಲ. ಅವನು ಹೋದ ಮೇಲೆ ಅಕ್ಷರಗಳು ಎಣ್ಣೆ ಸವರಿಸಿಕೊಂಡು ಮನೆಯ ದೇವರಪೀಠದ ಕೆಳಗಿನ ಪೆಟ್ಟಿಗೆ ಸೇರುತ್ತಿದ್ದವು. ಹೊಸ ದೋಣಿ ನೀರಿಗಿಳಿಯುವ ಮುನ್ನ, ಹೊಸ ಮನೆಗೆ ಒಲೆ ಹೂಡುವ ಮುನ್ನ ಪಾದ್ರಿ ಬಂದು ಪವಿತ್ರ ಜಲ ಚಿಮುಕಿಸುವುದು ಪದ್ಧತಿ. ಹೊಸ ಅಕ್ಷರಕ್ಕೂ ಹಾಗೆ ಆಗದೆ ಶಾಯಿ ಮುಟ್ಟಿಸಕೂಡದು, ಬೇರೆ ಯಾರೂ ಪೆಟ್ಟಿಗೆ ತೆರೆಯಕೂಡದು ಎಂದು ಮಾಂಗ್ ತೆಬಾನ್ ಪಟ್ಟು ಹಿಡಿದಿದ್ದರು. ಹೀಗೆ ಹದಿನಾರು ಶನಿವಾರ ಕಳೆದವು.

ಹಬ್ಬಕ್ಕೆ ಹದಿನಾಲ್ಕು ದಿನ ಇರುವಾಗ ಪಾದ್ರಿ ಬಂದು ಪ್ರಾರ್ಥನೆ ಮಾಡಿ, ಅಕ್ಷರಗಳ ಮೇಲೆ ನೀರು ಚಿಮುಕಿಸಿ, ಶುಂಠಿ ಕಷಾಯ ಕುಡಿದು ಹೋದರು. ಮಾಂಗ್ ತೆಬಾನ್ ತಾವೇ ಮೊಳೆ ಜೋಡಿಸಿದರು. ದೊಡ್ಡ ಅಕ್ಷರದಲ್ಲಿ ಎರಡು ಸಾಲು: ಮೇಲೆ ವೀವಾ, ಜಯವಾಗಲಿ ಎಂದು, VIVA; ಕೆಳಗೆ ಸಾನ್ ರೋಕೆ, SAN ROQUE. ಕೈ ನಲವತ್ತು ವರ್ಷದ ಅಭ್ಯಾಸದಲ್ಲಿ ತಾನಾಗಿ ಓಡುತ್ತಿತ್ತು. ಬಾಯಲ್ಲಿ ಹಬ್ಬದ ಹಾಡಿನ ಗುನುಗು. ಲೋಲಾ ಸೆಪಾಳನ್ನು ಕುರ್ಚಿಸಮೇತ ಕೆಳಗಿಳಿಸಿದ್ದರು. ಲಿಯೋನಿಲಾ ಇಂದು ಮೊದಲ ಬಾರಿಗೆ ಎಲ್ಲರ ಎದುರು ಬಂದು ಯಂತ್ರದ ಆ ಬದಿಯಲ್ಲಿ ನಿಂತಿದ್ದಳು. ಆಂಬೊ ಬಾಗಿಲಲ್ಲಿ ಟೋಪಿ ಹಿಚುಕುತ್ತ ನಿಂತಿದ್ದ.

ಶಾಯಿ ಹಚ್ಚಿ, ಹಾಳೆ ಹಾಸಿ, ಹಿಡಿ ಎಳೆದು, ಮಾಂಗ್ ತೆಬಾನ್ ಹಾಳೆಯನ್ನು ಮೇಲಿನ ತುದಿಯಿಂದ ನಿಧಾನ ಬಿಡಿಸಿದರು. ವೀವಾ ಎಂಬ ಸಾಲು ಎದ್ದು ಬಂತು. ಕಪ್ಪಗೆ, ದುಂಡಗೆ, ಊಟಕ್ಕೆ ಕರೆಯುವ ದೊಡ್ಡಮ್ಮನಂತೆ. ಅವರ ಮುಖ ಅರಳಿತು. ಆಂಬೊನ ಎದೆಯೊಳಗೆ ಹದಿನಾರು ವಾರದಿಂದ ಬಿಗಿದಿದ್ದ ಹಗ್ಗ ಸಡಿಲವಾಯಿತು.

ಆಮೇಲೆ ಕೆಳಗಿನ ಸಾಲು ಬಂತು.

ಎಸ್ ಹಾವು ತಲೆ ಎತ್ತ ಇಡಬೇಕೋ ಅತ್ತ ಬಾಲ ಇಟ್ಟಿತ್ತು. ಎನ್ ಅಕ್ಷರದ ಓರೆಗೆರೆ ಉಲ್ಟಾ ಬಿದ್ದಿತ್ತು. ಕುಣಿಯಲು ಹೊರಟ ಆರ್ ಊರಿಗೆ ಬೆನ್ನು ಹಾಕಿ ಎಡಕ್ಕೆ ನಡೆದಿತ್ತು. ನಾಯಿಯ ಬಾಲ ತಪ್ಪು ಕಡೆಗೆ ಸುತ್ತಿಕೊಂಡಿತ್ತು. ಕೊನೆಯ ಇ ತನ್ನ ಮೂರು ಕೈಗಳನ್ನೂ ಹಿಂದಕ್ಕೆ ಚಾಚಿತ್ತು. ವೀವಾದ ಅಕ್ಷರಗಳು, ಕೆಳಗಿನ ಸಾಲಿನ ಎ, ಓ, ಯು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ, ಅದಕ್ಕೇ ಅವು ಉಳಿದುಕೊಂಡಿದ್ದವು. ಎಲ್ಲವನ್ನೂ ಆಂಬೊ ಕಣ್ಣಿಗೆ ಕಂಡಂತೆ, ಓದುವಂತೆ, ನೇರವಾಗಿ ಕೆತ್ತಿದ್ದ. ಅಚ್ಚಿನ ಮೊಳೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕೆಂಬುದು ಅವನಿಗೆ ಹೊಳೆದಿರಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಸಂತನನ್ನು ಜನ ನೋಡುವ ಕಡೆಯಿಂದಲೇ ಕೆತ್ತುತ್ತಾರೆ.

ಮಾಂಗ್ ತೆಬಾನ್ ಹಾಳೆಯನ್ನು ಮೇಜಿನ ಮೇಲಿಟ್ಟು, ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ನಾಲ್ಕು ತಿಂಗಳು," ಎಂದರು. "ಹೋಗಪ್ಪ ಆಂಬೊ. ಇನ್ನು ಈ ಬಾಗಿಲಿಗೆ ಬರೋದು ಬೇಡ."

ಆಂಬೊಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀವೂ ಹದಿನಾರು ಶನಿವಾರ ನೋಡಿದಿರಲ್ಲ ಎಂಬ ಮಾತು. ಅವನು ಅದನ್ನು ನುಂಗಿದ. ಹಿರಿಯರನ್ನು ಮಗಳ ಎದುರು, ತಾಯಿಯ ಎದುರು ಕುಗ್ಗಿಸಿ ಪಡೆದ ಹೆಣ್ಣು ತನ್ನ ಮನೆಯಲ್ಲಿ ಸುಖವಾಗಿ ಉಂಡಾಳೇ? ಲೋಲಾ ಸೆಪಾಗೆ ತಲೆಬಾಗಿ ಅವಳ ಕೈಯನ್ನು ಹಣೆಗೆ ಒತ್ತಿಕೊಂಡು ಹೊರಟುಹೋದ. ಅಕ್ಷರಗಳು ಅಲ್ಲೇ ಉಳಿದವು.

ತಿಯೊ ಗೋರ್ಯೊ ನಡೆದದ್ದನ್ನು ಕೇಳಿ ಉಳಿಯನ್ನು ಕೆಳಗಿಟ್ಟ. "ಹದಿನೈದು ವರ್ಷ ಸಂತರ ಮುಖ ಕೆತ್ತಿದೀಯ. ನಿಂಗೆ ಬೆನ್ನು ತೋರಿಸಿದ್ದು ಈ ಅಕ್ಷರಗಳೇ ಮೊದಲು," ಎಂದ. ಅವನಿಗೆ ದುಃಖವಾದಾಗ ಹಾಸ್ಯ ಹೆಚ್ಚಾಗುತ್ತಿತ್ತು. ಆಂಬೊ ಚರ್ಚಿಗೆ ಹೋಗಿ ಸಾನ್ ರೋಕೆಯ ಮುಂದೆ ಮಂಡಿಯೂರಿದ. ಸಂತನ ಕಾಲಬಳಿ ಜಾಗ ಖಾಲಿ ಇತ್ತು. ಯುದ್ಧದ ಗದ್ದಲದಲ್ಲಿ ಅಲ್ಲಿದ್ದ ಮರದ ನಾಯಿ ಕಳೆದುಹೋಗಿತ್ತು, ಹೊಸ ನಾಯಿ ಕೆತ್ತಲು ಚಿಕ್ಕಪ್ಪ ಒಂದು ಒಣಮರ ತೆಗೆದಿಟ್ಟು ಎರಡು ವರ್ಷವಾಗಿತ್ತು. ಆಂಬೊ ಏನನ್ನೂ ಬೇಡಲಿಲ್ಲ. ಒಂಟಿಯಾಗಿ ನಿಂತ ಸಂತನನ್ನು ನೋಡಿ ಎದ್ದು ಬಂದ.

ಮಾರನೆಯ ಬೆಳಿಗ್ಗೆ ಮೀನು ಮಾರುವವಳೊಬ್ಬಳು ಬಂದು ಕೆತ್ತನೆಮನೆಯ ಮೆಟ್ಟಿಲ ಮೇಲೆ ಒಂದು ಬುಟ್ಟಿ ಇಟ್ಟು, ಲೋಲಾ ಸೆಪಾ ಕಳಿಸಿದಾಳೆ ಎಂದು ಹೇಳಿ ಹೋದಳು. ಬುಟ್ಟಿಯಲ್ಲಿ ಬಾಳೆಎಲೆಯಲ್ಲಿ ಬೇಯಿಸಿದ ಸುಮಾನ್, ಅಂಟಕ್ಕಿಯ ಸಿಹಿಕಡುಬು, ಐದು. ಒಂದೊಂದಕ್ಕೂ ಎಲೆಯ ಮೇಲೆ ಕಾಗದ ಸುತ್ತಿತ್ತು. ತಿಯೊ ಗೋರ್ಯೊ ಒಂದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡು, ಹುಡುಗಿ ಹೋದರೂ ಕಡುಬು ಬಂತಲ್ಲ ಎಂದ. ಆಂಬೊ ನೆಲಕ್ಕೆ ಬಿದ್ದ ಕಾಗದ ಎತ್ತಿದ. ಅದರ ತುಂಬ ಒಂದೇ ಅಕ್ಷರ, ತಿರುಗಿ ನಿಂತ ಎಸ್, ಅಂಚು ಎಲ್ಲೂ ಹರಡದಂತೆ ಜೋಪಾನವಾಗಿ ಒತ್ತಿದ್ದು. ಎರಡನೆಯದರಲ್ಲಿ ಎನ್. ಮೂರನೆಯದರಲ್ಲಿ ಆರ್. ಆಮೇಲೆ ಕ್ಯೂ, ಆಮೇಲೆ ಇ. ಒಂದು ಮಾತೂ ಬರೆದಿರಲಿಲ್ಲ. ಕೊನೆಯ ಕಾಗದದ ಮೂಲೆಯಲ್ಲಿ ಮಾತ್ರ ಶಾಯಿ ಹತ್ತಿದ ಒಂದು ಹೆಬ್ಬೆರಳ ಗುರುತು.

ಐದು ಕಾಗದವನ್ನೂ ನೆಲದ ಮೇಲೆ ಸಾಲಾಗಿ ಹರಡಿ ಆಂಬೊ ನೋಡುತ್ತ ಕುಳಿತ. ನೋಡುತ್ತ ನೋಡುತ್ತ ಅವನಿಗೆ ಹೊಳೆಯಿತು. ಹಾಳೆಯ ಮೇಲೆ ತಪ್ಪಾಗಿ ಬಿದ್ದ ಅಕ್ಷರವೇ ಮರದ ಮೇಲೆ ಇರಬೇಕಾದ ಅಕ್ಷರ. ಇದನ್ನು ಹೀಗೇ ಮರಕ್ಕೆ ಅಂಟಿಸಿ, ಕಪ್ಪನ್ನು ಬಿಟ್ಟು ಬಿಳಿಯನ್ನು ಕೆತ್ತಿ ತೆಗೆದರೆ ಸಾಕು. ಎಣಿಸಬೇಕಾದದ್ದೇನೂ ಇಲ್ಲ, ತಿರುವಬೇಕಾದದ್ದೇನೂ ಇಲ್ಲ. ಅವಳು ತಿರುವಿ ಕಳಿಸಿದ್ದಳು.

ಹಬ್ಬದ ಮುಂಚಿನ ಗುರುವಾರದ ಸಂತೆಗೆ ಸರೋವರದಾಚೆಯ ದೋಣಿಗಳೆಲ್ಲ ಬರುತ್ತವೆ. ಪೋಸ್ಟರ್ ಅಂದು ಗೋಡೆಯ ಮೇಲಿರಬೇಕು. ಉಳಿದದ್ದು ಹತ್ತು ದಿನ, ಅಕ್ಷರ ಐದು, ಒಂದಕ್ಕೆ ಎರಡು ದಿನ. ಆದರೆ ಮಳೆಗಾಲ. ಕೆತ್ತನೆಮನೆಯಲ್ಲಿ ಒಣಗಿದ ಮರವೇ ಇರಲಿಲ್ಲ. ಹಸಿಮರದಲ್ಲಿ ಕೆತ್ತಿದ ಅಕ್ಷರ ವಾರದೊಳಗೆ ಸೀಳುತ್ತದೆ. ಆಂಬೊ ಮೂಲೆಮೂಲೆ ತಡಕಿದ. ತಿಯೊ ಗೋರ್ಯೊ ಕಡುಬು ಮುಗಿಸಿ, ಕೈ ತೊಳೆದು, ಅಟ್ಟ ಹತ್ತಿ ಸಾನ್ ರೋಕೆಯ ನಾಯಿಗೆಂದು ಇಟ್ಟಿದ್ದ ತುಂಡನ್ನು ಇಳಿಸಿಕೊಟ್ಟ.

"ನಾಯಿ ಇನ್ನೊಂದು ವರ್ಷ ಕಾಯುತ್ತೆ," ಎಂದ. "ಕಾಯೋದೇ ಅದರ ಕೆಲಸ. ನಿನ್ನ ಹುಡುಗಿ ಕಾಯಲ್ಲ."

ಆಂಬೊ ಅನ್ನದ ಗಂಜಿಯಿಂದ ಕಾಗದ ಅಂಟಿಸಿದ. ಮೊದಲ ಏಟಿಗೆ ಮುಂಚೆ ಶಿಲುಬೆಯ ಗುರುತು ಮಾಡಿಕೊಂಡ. ಸಾನ್ ರೋಕೆಯ ಒಂಬತ್ತು ದಿನದ ಪ್ರಾರ್ಥನೆ ಆಮೇಲೆ ನಾಲ್ಕು ದಿನಕ್ಕೆ ಶುರುವಾಯಿತು. ಚರ್ಚಿನಿಂದ ಹೆಂಗಸರ ಜಪ ಮಳೆಯ ಸದ್ದಿನೊಡನೆ ಕೇಳಿಬರುತ್ತಿತ್ತು, ಆ ಲಯಕ್ಕೆ ಉಳಿ ನಡೆಯುತ್ತಿತ್ತು. ಒಮ್ಮೆ ಕೆತ್ತಿದ ಸುರುಳಿಗಳನ್ನೇ ಅವನು ಮತ್ತೆ ಕೆತ್ತುತ್ತಿದ್ದ, ಆದರೆ ಹಿಂಬದಿಯಿಂದ. ಬಹುಕಾಲ ಎದುರಿನಿಂದ ನೋಡಿದ ಮನುಷ್ಯನ ಬೆನ್ನಹಿಂದೆ ಬಂದು ನಿಂತಂತೆ ಅನಿಸಿತು.

ಗುರುವಾರ ಬೆಳಗಾಗುತ್ತಲೇ ಅವನು ಐದು ಅಕ್ಷರ ಬಟ್ಟೆಯಲ್ಲಿ ಸುತ್ತಿಕೊಂಡು ಅಚ್ಚುಕೂಟದ ಮುಂದೆ ಬಂದ. ಬಾಗಿಲಿಗೆ ಬರಬೇಡ ಎಂದಿದ್ದರಲ್ಲ, ಅದಕ್ಕೇ ಬಾಗಿಲಿಗೆ ಹೋಗದೆ ಬೀದಿಯ ಆಚೆ ಬದಿ ಮಳೆಯಲ್ಲಿ ನಿಂತ. ಅಕ್ಷರಗಳು ನೆನೆಯದಂತೆ ಅಂಗಿಯೊಳಗೆ ಎದೆಗೆ ಅವಚಿಕೊಂಡಿದ್ದ. ಮೇಲಿನ ಕಿಟಕಿ ತೆರೆಯಿತು. ಮಾಂಗ್ ತೆಬಾನ್ ಕೆಳಗೆ ನೋಡಿದರು. ಅವನನ್ನು ಕರೆಯಲೂ ಇಲ್ಲ, ಹೋಗೆನ್ನಲೂ ಇಲ್ಲ. ಪಕ್ಕದ ಕಿಟಕಿಯಲ್ಲಿ ಲೋಲಾ ಸೆಪಾ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಅವಳ ಮಾತು ಬೀದಿಗೆ ಸ್ಪಷ್ಟವಾಗಿ ಕೇಳಿಸಿತು.

"ತೆಬಾನ್, ಆ ಹುಡುಗ ಒಂದು ಮಾತು ಆಡಲಿಲ್ಲ, ಅದಕ್ಕೆ ನಾನಾಡ್ತೀನಿ. ಹದಿನಾರು ಶನಿವಾರ ಆ ಅಕ್ಷರಗಳನ್ನ ಕೈಯಲ್ಲಿ ಹಿಡ್ಕೊಂಡು ಮುದ್ದಾಡಿದ್ದು ಯಾರು? ಅವನಿಗೆ ಅಚ್ಚು ಗೊತ್ತಿಲ್ಲ. ನಿಂಗೆ?"

ಮಾಂಗ್ ತೆಬಾನ್ ಕಿಟಕಿಯಿಂದ ಮರೆಯಾದರು. ಮಳೆಯ ನೀರು ಆಂಬೊನ ಹುಬ್ಬಿನಿಂದ ಇಳಿಯುತ್ತಿತ್ತು. ಆಮೇಲೆ ಒಳಗೆ ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ಬಾಗಿಲು ತೆರೆಯಿತು. ಹೆಣ್ಣಿನ ತಂದೆ, ಊರಿನಲ್ಲಿ ಯಾರನ್ನೂ ಎದ್ದು ಎದುರುಗೊಳ್ಳದ ಮನುಷ್ಯ, ಬರಿಗಾಲಿನಲ್ಲಿ ಕೆಸರು ದಾಟಿ ಆಂಬೊ ನಿಂತ ಬದಿಗೆ ಬಂದರು. ತಮ್ಮ ತಾಳೆಗರಿಯ ಟೋಪಿ ತೆಗೆದು ಆಂಬೊನ ತಲೆಯ ಮೇಲಿಟ್ಟರು.

"ನಲವತ್ತು ವರ್ಷದಿಂದ ಅಕ್ಷರಗಳನ್ನ ಬೆನ್ನಿನ ಕಡೆಯಿಂದ ಓದ್ತಾ ಇದೀನಿ," ಎಂದರು ಮೆಲ್ಲಗೆ. "ಮುಂದು ಯಾವುದು ಹಿಂದು ಯಾವುದು ಅನ್ನೋದೇ ಕಣ್ಣಿಗೆ ಹೊಳೆಯಲ್ಲ ಈಗ. ನಿನ್ನ ಆರ್ ನಗ್ತಾ ಇತ್ತು. ಅಷ್ಟೇ ನೋಡಿದೆ. ತಪ್ಪು ನಂದೇ ಕಣಪ್ಪ. ಬಾ ಒಳಗೆ."

ಲಿಯೋನಿಲಾ ಆಗಲೇ ವೀವಾದ ಸಾಲು ಜೋಡಿಸಿಟ್ಟು ಶಾಯಿ ಕಲಸಿದ್ದಳು. ಮೊದಲಿನ ಅಕ್ಷರಗಳ ಪೆಟ್ಟಿಗೆಯಿಂದ ಎ, ಓ, ಯು ತೆಗೆದು ಜಾಗ ಬಿಟ್ಟು ಇಟ್ಟಿದ್ದಳು. ಪಾದ್ರಿ ಉಳಿಸಿಹೋಗಿದ್ದ ಪವಿತ್ರ ಜಲವನ್ನು ಮಾಂಗ್ ತೆಬಾನ್ ಚಿಮುಕಿಸಿದ ಮೇಲೆ, ಆ ಜಾಗಗಳಲ್ಲಿ ಐದು ಹೊಸ ಅಕ್ಷರಗಳನ್ನು ಆಂಬೊನೇ ಕೂರಿಸಿದ. ಈ ಸಲ ಮಾಂಗ್ ತೆಬಾನ್ ಹಿಡಿ ಎಳೆಯುವ ಮುನ್ನ ಮಗಳಿಂದ ಒಂದು ಕೈಗನ್ನಡಿ ಇಸಿದುಕೊಂಡು ಮೊಳೆಗಳ ಮೇಲೆ ಹಿಡಿದು ನೋಡಿದರು. ಲೋಲಾ ಸೆಪಾ ಮೇಲಿನಿಂದ, ಸರಿ ಇದೆಯೇನೋ ಎಂದು ಕೇಳಿದಳು. ಮಾಂಗ್ ತೆಬಾನ್ ಹಿಡಿ ಎಳೆದರು. ಹಾಳೆ ಎದ್ದು ಬಂತು. ಹಾವು ಸರಿಯಾದ ಕಡೆ ತಲೆ ಇಟ್ಟು ಮಲಗಿತ್ತು. ಆರ್ ಚರ್ಚಿನ ಕಡೆಗೆ ಕಾಲು ಚಾಚಿತ್ತು. ನಾಯಿಯ ಬಾಲ ಆಡುತ್ತಿತ್ತು. ಲಿಯೋನಿಲಾ ಮೊದಲು ತಂದೆಯನ್ನು, ಆಮೇಲೆ ಆಂಬೊನನ್ನು ನೋಡಿ ನಕ್ಕುಬಿಟ್ಟಳು.

ಸಂತೆ ಶುರುವಾಗುವ ಹೊತ್ತಿಗೆ ಇನ್ನೂರು ಹಾಳೆ ಬಿದ್ದಿದ್ದವು. ಕೊನೆಯ ಹಾಳೆಯನ್ನು ಮಾಂಗ್ ತೆಬಾನ್ ಆಂಬೊನ ಕೈಗೆ ಕೊಟ್ಟು, ಇದನ್ನು ನಿಮ್ಮ ಚಿಕ್ಕಪ್ಪನ ಮನೆಯ ಬಾಗಿಲಿಗೆ ಅಂಟಿಸು ಎಂದರು. ಗಂಟಲು ಸರಿಮಾಡಿಕೊಂಡರು. ಹಬ್ಬದ ಮಾರನೆಯ ದಿನ ನಾವು ಎಲ್ಲೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇವೆ, ಹಿರಿಯರು ಬಂದರೆ ಮಾತಾಡಬಹುದು ಎಂದರು. ಆಂಬೊ ಆ ಹಾಳೆ ಹಿಡಿದು ಮಳೆಯಲ್ಲಿ ಓಡಿದ. ಶಾಯಿ ಹಸಿಯಾಗಿದ್ದರಿಂದ ಅವನ ಅಂಗಿಯ ಮೇಲೆಲ್ಲ ವೀವಾ ತಿರುಗುಮುರುಗಾಗಿ ಅಚ್ಚಾಯಿತು, ತೊಳೆದರೂ ಹೋಗಲಿಲ್ಲ.

ಹಬ್ಬದ ದಿನ ಮಳೆ ಬಿಟ್ಟಿತ್ತು. ಆಚೆ ದಡದಿಂದ ಎಂದೂ ಇಲ್ಲದಷ್ಟು ದೋಣಿಗಳು ಬಂದವು. ಹರಾಜಿನ ಮಾತಾಡಿದ್ದ ರೈತ ಹೆಂಡತಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಮೆರವಣಿಗೆಯಲ್ಲಿ ಸಾನ್ ರೋಕೆ ಹೂವಿನ ನಡುವೆ ಹೆಗಲ ಮೇಲೆ ಬರುತ್ತಿದ್ದ, ಈ ವರ್ಷವೂ ನಾಯಿಯಿಲ್ಲದೆ. ಆದರೆ ಪೀಠದ ಮುಂಭಾಗಕ್ಕೆ ಆಂಬೊ ಹಿಂದಿನ ಸಂಜೆ ಸಂತನ ಹೆಸರು ಕೂರಿಸಿದ್ದ. ಅಚ್ಚಿಗೆ ಬಾರದೆ ಉಳಿದಿದ್ದ ಆ ಮೊದಲಿನ ಅಕ್ಷರಗಳು ಮರದ ಮೇಲೆ ನೆಟ್ಟಗೆ, ಊರಿಗೆ ಮುಖ ಮಾಡಿ ನಿಂತಿದ್ದವು. ಕ್ಯೂ ಅಕ್ಷರದ ಬಾಲ ಸರಿಯಾಗಿ ಸಂತನ ಕಾಲಬಳಿ, ನಾಯಿ ಇರಬೇಕಾದ ಜಾಗದಲ್ಲಿ, ಮೇಲಕ್ಕೆ ಸುತ್ತಿಕೊಂಡಿತ್ತು.

ಕಿಟಕಿಯಲ್ಲಿ ಮೇಣದಬತ್ತಿ ಹಿಡಿದು ಕುಳಿತಿದ್ದ ಲೋಲಾ ಸೆಪಾ ಅದನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡಳು. "ಬಂತು ನೋಡು ನಾಯಿ," ಎಂದಳು ಮೊಮ್ಮಗಳಿಗೆ. ಲಿಯೋನಿಲಾ ನಾಳೆ ಬರುವ ಹಿರಿಯರಿಗೆಂದು ಅಂಟಕ್ಕಿ ನೆನೆಹಾಕುತ್ತಿದ್ದಳು. ಕೈ ಒರೆಸಿಕೊಂಡು ಕಿಟಕಿಗೆ ಬಂದಳು.